ತವರದ ಕಣಿವೆಯಿಂದ ಚಹಾದ ತವರಿಗೆ

ಕ್ವಾಲಾಲಂಪುರದಿಂದ ಉತ್ತರಕ್ಕೆ ಹೊರಟ ರೈಲು ಪೆರಾಕ್ ರಾಜ್ಯವನ್ನು ಹೊಕ್ಕ ಮೇಲೆ ಕಿಟಕಿಯಾಚೆ ಕೆರೆಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಇವು ಯಾರೂ ಕಟ್ಟಿಸಿದ ಕೆರೆಗಳಲ್ಲ. ತವರದ ಅದಿರಿಗಾಗಿ ತಲೆಮಾರುಗಳ ಕಾಲ ಅಗೆದ ಗುಂಡಿಗಳಲ್ಲಿ ನೀರು ನಿಂತು ಆದವು. ಕಿಂತಾ ಕಣಿವೆ ಎಂಬ ಈ ಸೀಮೆಯ ನಡುವೆ, ಸುಣ್ಣಕಲ್ಲಿನ ಗುಡ್ಡಗಳ ಮಗ್ಗುಲಲ್ಲಿ ಇಪೋ ನಗರವಿದೆ. ನಾನು ಅಲ್ಲಿಗೆ ಹೋದದ್ದು ಒಂದು ಚಹಾದ ಬೆನ್ನುಹತ್ತಿ. ದಕ್ಷಿಣ ಚೀನಾದ ಗ್ವಾಂಗ್‌ಶಿ ಸೀಮೆಯ ಲ್ಯೂಬಾವೊ ಎಂಬ ಬೆಟ್ಟದೂರಿನಲ್ಲಿ ಹುಟ್ಟಿ, ಆ ಊರಿನ ಹೆಸರನ್ನೇ ಹೊತ್ತಿರುವ ಈ ಚಹಾವನ್ನು ಹುದುಗು ಬರಿಸಿ, ಬಿದಿರ ಬುಟ್ಟಿಯಲ್ಲಿ ಒತ್ತಿ, ವರ್ಷಗಟ್ಟಲೆ ಹಳತು ಮಾಡುತ್ತಾರೆ. ಸ್ವದೇಶದ ಬಹುಪಾಲು ಜನರಿಗೆ ಇದರ ಪರಿಚಯವಿಲ್ಲದ ಕಾಲದಲ್ಲಿಯೂ ಕಡಲಾಚೆಯ ಈ ಕಣಿವೆಯಲ್ಲಿ ಇದು ದಿನನಿತ್ಯದ ಪಾನೀಯವಾಗಿತ್ತು. ಹಾಗಾಗಿ ಚಹಾ ಬಂದ ದಾರಿಯಲ್ಲಿ ಎದುರುಮುಖವಾಗಿ, ಕುಡಿದವರ ಊರಿನಿಂದ ಬೆಳೆದವರ ಊರಿಗೆ ಹೋಗಬೇಕೆಂದು ನಿಶ್ಚಯಿಸಿದ್ದೆ.

ಇಪೋದಿಂದ ದಕ್ಷಿಣಕ್ಕಿರುವ ಕಂಪಾರ್ ಪಟ್ಟಣದಲ್ಲಿ ತವರದ ಗಣಿಗಾರಿಕೆಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಚೀನೀ ಗಣಿಗಳಲ್ಲಿ ಕೆಲಸ ಹೇಗೆ ನಡೆಯುತ್ತಿತ್ತೆಂಬುದು ಅಲ್ಲಿನ ಮಾದರಿಗಳಿಂದ ಸ್ಪಷ್ಟವಾಗಿ ತಿಳಿಯುತ್ತದೆ. ರಭಸದ ನೀರಿನ ಧಾರೆಯಿಂದ ಮಣ್ಣನ್ನು ಕೊಚ್ಚಿ, ಆ ಕೆಸರನ್ನು ಪಂಪಿನಿಂದ ಮೇಲಕ್ಕೆತ್ತಿ, ಪಾಲೊಂಗ್ ಎಂಬ ಉದ್ದನೆಯ ಮರದ ಇಳಿಜಾರು ಕಾಲುವೆಯಲ್ಲಿ ಹರಿಸಿದರೆ ಭಾರವಾದ ಅದಿರು ತಳದಲ್ಲಿ ಉಳಿದು ಮರಳು ಮುಂದೆ ಸಾಗುತ್ತಿತ್ತು. ಹೊರಗೆ ಹೋದ ಮರಳಿನಲ್ಲಿಯೂ ಅಳಿದುಳಿದ ಅದಿರಿಗಾಗಿ ಹೆಂಗಸರು ದುಲಾಂಗ್ ಎಂಬ ಮರದ ತಟ್ಟೆ ಹಿಡಿದು, ಸೊಂಟದವರೆಗೆ ನೀರಿನಲ್ಲಿ ಬಗ್ಗಿ ನಿಂತು ಜಾಲಿಸುತ್ತಿದ್ದರು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಜಗತ್ತಿನ ತವರದ ಅರ್ಧಕ್ಕಿಂತ ಹೆಚ್ಚು ಪಾಲು ಮಲಯದಿಂದ ಹೋಗುತ್ತಿತ್ತೆಂದರೆ ಇಲ್ಲಿ ದುಡಿದವರ ಸಂಖ್ಯೆ ಎಷ್ಟಿದ್ದಿರಬೇಕೆಂದು ಊಹಿಸಬಹುದು. ಅವರಲ್ಲಿ ಹೆಚ್ಚಿನವರು ದಕ್ಷಿಣ ಚೀನಾದ ಬಡ ಹಳ್ಳಿಗಳಿಂದ ಹಡಗು ಹತ್ತಿ ಬಂದ ಹಕ್ಕಾ ಮತ್ತು ಕ್ಯಾಂಟನೀಸ್ ಮಾತಿನ ಜನ.

ಸುಡುವ ಬಿಸಿಲು, ಬೆವರು, ಕೆಸರು, ಹೊಂದದ ನೀರು. ಇಂಥಲ್ಲಿ ಲ್ಯೂಬಾವೊ ಮೈಯ ಕಾವನ್ನು ಇಳಿಸುತ್ತದೆ, ಮೈಗೆ ಹತ್ತಿದ ಥಂಡಿಯನ್ನು ತೆಗೆಯುತ್ತದೆ, ಹೊಟ್ಟೆಯನ್ನು ಕಾಯುತ್ತದೆ ಎಂಬ ನಂಬಿಕೆ ಕೂಲಿಗಳಲ್ಲಿ ಗಟ್ಟಿಯಾಗಿತ್ತು. ಗಣಿಯ ಮಾಲೀಕರೇ ದೊಡ್ಡ ಪಾತ್ರೆಗಳಲ್ಲಿ ಚಹಾ ಕಾಯಿಸಿ ಇಡಿಸುತ್ತಿದ್ದರು. ಈ ನಂಬಿಕೆಯ ಬೇರು ಎಲೆಯ ಗುಣದಲ್ಲಿ ಎಷ್ಟಿತ್ತೋ, ಕಾಯಿಸಿದ ನೀರನ್ನೇ ಕುಡಿಯುವ ಅಭ್ಯಾಸದಲ್ಲಿಯೂ ಅಷ್ಟೇ ಇತ್ತೆಂದು ನನಗೆ ತೋರುತ್ತದೆ. ಒರಟು ಎಲೆಯಾದ್ದರಿಂದ ಬೆಲೆ ಕಡಿಮೆ. ಎಷ್ಟು ಸಲ ನೀರು ಹೊಯ್ದರೂ ರಸ ಬಿಡುತ್ತಿತ್ತು. ಆರಿದ ಮೇಲೂ ಕುಡಿಯಬಹುದಿತ್ತು. ಒಂದು ಚಹಾ ಪರದೇಶದಲ್ಲಿ ಜನಪ್ರಿಯವಾಗಲು ರಸಿಕರ ಮೆಚ್ಚುಗೆ, ಅರಮನೆಯ ಆಶ್ರಯ ಬೇಕೆಂದು ನಾವು ಭಾವಿಸುತ್ತೇವೆ. ಲ್ಯೂಬಾವೊವನ್ನು ಕಡಲಾಚೆ ನೆಲೆಗೊಳಿಸಿದ್ದು ಕೂಲಿಕಾರರ ಬಾಯಾರಿಕೆ.

ಬಾತು ಗಜಾ ಬಳಿ 1938ರಲ್ಲಿ ಕಟ್ಟಿದ ತೇಲುವ ಗಣಿಯಂತ್ರವೊಂದು ಇಂದಿಗೂ ತನ್ನ ಕೊಳದಲ್ಲಿ ನಿಂತಿದೆ. 4,500 ಟನ್ ತೂಕದ ಆ ಭವ್ಯ ಯಂತ್ರವನ್ನು ನೋಡಿ ಬಂದೆನಾದರೂ ಅದು ಐರೋಪ್ಯ ಕಂಪನಿಗಳ ಬಂಡವಾಳದ ಕಥೆ. ಚಹಾದ ಕಥೆ ಪಾಲೊಂಗ್‌ಗಳ ಕಡೆಯದು.

ಇಪೋದ ಹಳೆಯ ಪೇಟೆಯ ಒಂದು ಚಹಾ ಅಂಗಡಿಯಲ್ಲಿ ವೃದ್ಧ ಮಾಲೀಕರೊಬ್ಬರು ಕೂರಿಸಿ ಮಾತನಾಡಿಸಿದರು. ಅಲ್ಲಿ ಹಿರಿಯರನ್ನೆಲ್ಲ ಅಂಕಲ್ ಎಂದೇ ಕರೆಯುವುದು ವಾಡಿಕೆ. "ಅಂಕಲ್, ನನಗೆ ಅಡಿಕೆಯ ಪರಿಮಳ ಇರುವುದನ್ನೇ ಕೊಡಿ" ಎಂದೆ. ಅವರ ಮುಖ ಅರಳಿತು. ಹಳತಾದ ಒಳ್ಳೆಯ ಲ್ಯೂಬಾವೊಗೆ ಅಡಿಕೆಯ ಪರಿಮಳವಿರಬೇಕೆಂಬುದು ಚೀನೀಯರು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಲಕ್ಷಣ. ಚಿಯಾಚಿಂಗ್ ಚಕ್ರವರ್ತಿಯ ಕಾಲದಲ್ಲಿ, ಅಂದರೆ 1796ರಿಂದ 1820ರ ನಡುವೆ, ಚೀನಾದ ಹೆಸರಾಂತ ಚಹಾಗಳ ಸಾಲಿಗೆ ಇದು ಸೇರಿದ್ದು ಈ ಪರಿಮಳದಿಂದಲೇ ಎನ್ನುತ್ತಾರೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಇದಕ್ಕಿಂತ ಹೆಚ್ಚಿನ ಕುತೂಹಲ ಬೇರೆ ಏನು ಬೇಕು? ಬಟ್ಟಲಿಗೆ ಬಂದದ್ದು ಕೆಂಪು ಕಪ್ಪಾಗಿ, ಆದರೆ ತಿಳಿಯಾಗಿ ಇತ್ತು. ಮೊದಲು ಹಳೆಯ ಮರದ ವಾಸನೆ, ಆಮೇಲೆ ಸಣ್ಣ ಸಿಹಿ. ಕೊನೆಯಲ್ಲಿ ಗಂಟಲಿನ ಬಳಿ ಉಳಿದದ್ದು ಖಂಡಿತವಾಗಿಯೂ ಅಡಿಕೆ. ಅದು ಒಣಗಿಸಿದ ಚಾಲಿಯದಲ್ಲ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯಿಂದ ಏಳುವ ಚೊಗರಿನ ವಾಸನೆ. ಒಗರು ಮಾತ್ರ ಎಲ್ಲಿಯೂ ಇರಲಿಲ್ಲ. ವರ್ಷಗಳು ಅದನ್ನು ತೆಗೆದುಹಾಕಿದ್ದವು.

ಆ ವರ್ಷಗಳು ಕಳೆದದ್ದು ಮಲೇಷ್ಯಾದ ಉಗ್ರಾಣಗಳಲ್ಲಿ. ಹಾಂಗ್‌ಕಾಂಗ್ ವರ್ತಕರ ಮೂಲಕ ಹಡಗಿನಲ್ಲಿ ಬಂದಿಳಿದ ಬುಟ್ಟಿಗಳು ಇಲ್ಲಿನ ಸೆಕೆಯಲ್ಲಿ, ತೇವದ ಗಾಳಿಯಲ್ಲಿ ಕುಳಿತೇ ಮಾಗುತ್ತಿದ್ದವು. 1985ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ತವರದ ಮಾರುಕಟ್ಟೆ ಕುಸಿದು ಬಿದ್ದಾಗ ಕಿಂತಾದ ಗಣಿಗಳು ಸಾಲಾಗಿ ಮುಚ್ಚಿದವು, ಕೂಲಿಗಳು ಚದುರಿದರು, ಚಹಾಕ್ಕೆ ಗಿರಾಕಿಗಳಿಲ್ಲವಾದರು. ಮಾರಾಟವಾಗದೆ ಉಳಿದ ಬುಟ್ಟಿಗಳನ್ನು ಅಂಗಡಿಯವರು ಮೂಲೆಗೆ ಸರಿಸಿದರು. ಮುಂದೆ ಹಳೆಯ ಚಹಾದ ಹುಚ್ಚು ಹತ್ತಿದ ತೈವಾನ್, ಹಾಂಗ್‌ಕಾಂಗ್ ಮತ್ತು ಚೀನಾದ ಸಂಗ್ರಾಹಕರು ಅವನ್ನೇ ಹುಡುಕಿಕೊಂಡು ಇಲ್ಲಿಗೆ ಬಂದರು. ಕೂಲಿಯ ಚಹಾ ಶ್ರೀಮಂತರ ಚಹಾವಾದದ್ದು ಹೀಗೆ.

ಇಪೋದಿಂದ ನಾನು ಚೀನಾಕ್ಕೆ ಹೋದೆ. ಗ್ವಾಂಗ್‌ಜೋ ನಗರದಿಂದ ವೇಗದ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟರೆ ಗ್ವಾಂಗ್‌ಶಿಯ ವೂಜೋ ದೂರವೇನಲ್ಲ. ಗುಯ್ ಮತ್ತು ಶುನ್ ನದಿಗಳು ಕೂಡಿ ಶಿ ನದಿಯಾಗುವ ಸಂಗಮದಲ್ಲಿ ಈ ನಗರವಿದೆ. ತಿಳಿನೀರೂ ಕೆಂಪುನೀರೂ ಅಕ್ಕಪಕ್ಕದಲ್ಲಿ ಹರಿಯುವುದನ್ನು ದಡದಿಂದ ನೋಡಬಹುದು. 1897ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದ ಬಂದರು ಇದು. ಇಲ್ಲಿನ ಸರ್ಕಾರಿ ಚಹಾ ಕಾರ್ಖಾನೆ 1953ರಲ್ಲಿ ಆರಂಭವಾಯಿತು. ಎಲೆಯ ರಾಶಿಗೆ ನೀರು ಚಿಮುಕಿಸಿ, ಒಳಗೆ ಹುಟ್ಟುವ ಶಾಖದಲ್ಲಿ ಸೂಕ್ಷ್ಮಜೀವಿಗಳಿಂದ ವಾರಗಟ್ಟಲೆ ಹುದುಗಿಸುವ ಪದ್ಧತಿ ಇಲ್ಲಿ 1950ರ ದಶಕದ ಕೊನೆಯ ಹೊತ್ತಿಗೆ ರೂಢಿಗೆ ಬಂತು. ಜಗತ್ತಿಗೆ ಹೆಚ್ಚು ಪರಿಚಿತವಾದ ಯುನ್ನಾನ್‌ನ ಪುಅರ್ ಚಹಾವನ್ನು ಈ ರೀತಿಯಲ್ಲಿ ಹುದುಗಿಸುವ ಪ್ರಯೋಗ ಕುನ್‌ಮಿಂಗ್‌ನಲ್ಲಿ ನಡೆದದ್ದು 1973ರಲ್ಲಿ ಎಂಬುದನ್ನು ನೆನೆದರೆ, ಲ್ಯೂಬಾವೊಗೆ ಸಲ್ಲಬೇಕಾದ ಮನ್ನಣೆ ಪೂರ್ತಿ ಸಂದಿಲ್ಲವೆಂದೇ ನಾನು ಭಾವಿಸುತ್ತೇನೆ. ಹುದುಗಿದ ಎಲೆಯನ್ನು ಹಬೆಯಲ್ಲಿ ಮೆತ್ತಗಾಗಿಸಿ ಬುಟ್ಟಿಗೆ ತುಂಬಿ, ಮೊದಲು ತಂಪಾದ ಸುರಂಗಗಳಲ್ಲಿ, ಬಳಿಕ ಮರದ ಹಲಗೆಯ ಉಗ್ರಾಣದಲ್ಲಿ ಇಡುತ್ತಾರೆ. ಕೆಲವು ಬುಟ್ಟಿಗಳಲ್ಲಿ ಹಳದಿ ಕಣಗಳಂತೆ ಒಂದು ಬಗೆಯ ಬೂಷ್ಟು ಮೂಡುತ್ತದೆ; ಅದನ್ನು ಚಿನ್ನದ ಹೂವೆಂದು ಕರೆದು ಮೆಚ್ಚುತ್ತಾರೆ.

ಕೊನೆಗೆ ಲ್ಯೂಬಾವೊ. ತ್ಸಾಂಗ್‌ವೂ ಜಿಲ್ಲೆಯ ಬೆಟ್ಟಗಳ ನಡುವಿನ ಈ ಊರಿಗೆ ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ, ಆದರೆ ಚಹಾ ಹೊರಟದ್ದು ನೀರಿನ ದಾರಿಯಲ್ಲಿ. ಹೆಕೌ ಎಂಬಲ್ಲಿನ ಕಟ್ಟೆಯಿಂದ ಸಣ್ಣ ದೋಣಿಗಳು ಲ್ಯೂಬಾವೊ ಹೊಳೆಯಲ್ಲಿ ಇಳಿದು, ಮುಂದೆ ದೊಡ್ಡ ದೋಣಿಗಳಿಗೆ ಸರಕನ್ನು ಒಪ್ಪಿಸುತ್ತಿದ್ದವು. ಅವು ದೊಂಗಾನ್ ಮತ್ತು ಹೆ ನದಿಗಳನ್ನು ಹಾದು ಫೆಂಗ್‌ಕಾಯ್ ಬಳಿ ಶಿ ನದಿಗೆ ಸೇರಿ ಗ್ವಾಂಗ್‌ಜೋ ತಲುಪುತ್ತಿದ್ದವು. ಹೊಳೆ ಈಗ ಸಣ್ಣದಾಗಿ ಕಾಣುತ್ತದೆ. ಇಷ್ಟು ನೀರಿನ ಮೇಲೆ ಅಷ್ಟು ಚಹಾ ತೇಲಿಹೋಯಿತೇ ಎಂದು ಆಶ್ಚರ್ಯವಾಗುತ್ತದೆ.

ತಾಂಗ್‌ಪಿಂಗ್ ಹಳ್ಳಿಯ ಒಂದು ಮನೆಯಲ್ಲಿ ಕಾರ್ಖಾನೆಗಿಂತ ಹಳೆಯ ಕ್ರಮವನ್ನು ಕಂಡೆ. ಎಲೆಯನ್ನು ಬಾಣಲೆಯಲ್ಲಿ ಬಾಡಿಸಿ, ಕೈಯಿಂದ ಹೊಸೆದು, ರಾಶಿ ಹಾಕಿ ಹುದುಗಲು ಬಿಟ್ಟು, ಸೌದೆಯ ಬೆಂಕಿಯ ಮೇಲೆ ಒಣಗಿಸುತ್ತಾರೆ. ಆ ಮನೆಯ ಅಜ್ಜಿ ಇನ್ನೊಂದು ಬಗೆಯನ್ನೂ ತೋರಿಸಿದರು. ಅಕ್ಟೋಬರ್ ಕೊನೆಯಲ್ಲಿ ಕೊಯ್ದ ಬಲಿತ ಎಲೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ಒಣಗಿಸಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಬಿಡುವುದು. ಮುಂದಿನ ಕೆಲಸವನ್ನು ಹೊಗೆ ನೋಡಿಕೊಳ್ಳುತ್ತದೆ. ಜ್ವರ ಬಂದರೂ ಹೊಟ್ಟೆ ಕೆಟ್ಟರೂ ಮನೆಯವರು ಮೊದಲು ಕೈಹಾಕುವುದು ಆ ಅಟ್ಟಕ್ಕೇ. ಗಣಿಯ ಕೂಲಿಗಳ ನಂಬಿಕೆಯ ಮೂಲ ಇಂಥ ಮನೆಗಳ ಒಲೆಯ ಮೇಲೇ ಇತ್ತೆಂದು ನನಗೆ ಅಲ್ಲಿ ಮನವರಿಕೆಯಾಯಿತು.

2022ರ ನವೆಂಬರ್‌ನಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಲ್ಯೂಬಾವೊ ಕೂಡ ಇತ್ತು. ವೂಜೋದ ಅಂಗಡಿಗಳಲ್ಲಿ ಈ ಸಂಗತಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಅಷ್ಟೇ ಹೆಮ್ಮೆಯಿಂದ, ಗಾಜಿನ ಕಪಾಟಿನಲ್ಲಿ ಬೇರೆಯಾಗಿ ಇಟ್ಟು ತೋರಿಸುವುದು ಮಲೇಷ್ಯಾದ ಉಗ್ರಾಣದಲ್ಲಿ ಹಳತಾಗಿ ಹಿಂದಿರುಗಿದ ಚಹಾವನ್ನು. ಬೆಲೆಯಲ್ಲಿ ಉಳಿದುವೆಲ್ಲ ಅದರ ಕೆಳಗೆ. ಬೆಲೆ ಏರಿದ್ದಕ್ಕೆ ನನ್ನ ತಕರಾರಿಲ್ಲ, ತಾಂಗ್‌ಪಿಂಗ್‌ನಂಥ ಹಳ್ಳಿಗಳಿಗೂ ಅದರ ಪಾಲು ಮುಟ್ಟಲಿ. ಆದರೆ ನಾನು ಹೊಕ್ಕ ಅಂಗಡಿಗಳ ಕಪಾಟುಗಳ ಮೇಲಿನ ವಿವರಗಳಲ್ಲಿ ವರ್ಷ, ಉಗ್ರಾಣ, ದರ್ಜೆ ಎಲ್ಲವೂ ಇದ್ದು, ಪಾಲೊಂಗ್‌ನ ಕೂಲಿಗಳ ಬಗೆಗಾಗಲೀ ದುಲಾಂಗ್ ಹಿಡಿದ ಹೆಂಗಸರ ಬಗೆಗಾಗಲೀ ಒಂದು ಸಾಲೂ ಇರಲಿಲ್ಲ. ಅವರು ಕುಡಿಯದೆ ಇದ್ದಿದ್ದರೆ ಈ ಬುಟ್ಟಿಗಳು ಕಡಲು ದಾಟುತ್ತಿರಲಿಲ್ಲ. ಇಪೋದ ಅಂಕಲ್ ಇದನ್ನು ಕೇಳದೆಯೇ ಹೇಳಿದ್ದರು. ವೂಜೋದಲ್ಲಿ ನಾನೇ ಹೇಳಬೇಕಾಯಿತು, ಅಂಗಡಿಯವರು ಗಮನವಿಟ್ಟು ಕೇಳಿದರು.