ಡ್ರೆಸ್ಡೆನ್‌ನಲ್ಲಿ ಎಸರಿಟ್ಟ ಭಾನುವಾರ

ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ವಿಜಯಪುರದಲ್ಲಿ ಸಿವಿಲ್ ಬಿ.ಇ. ಮುಗಿಸಿ, ಅಕ್ಟೋಬರ್ ಮೊದಲ ವಾರ ಜರ್ಮನಿಯ ಡ್ರೆಸ್ಡೆನ್‌ಗೆ ಎಂ.ಎಸ್‌ಸಿ. ಓದಲು ಬಂದೆ. ಊರಿಂದ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಮಾತು: "ಅಲ್ಲಿ ಹೊಂದಿಕೊಂಡಿ ಏನಪಾ?" ಫೋನಿನಲ್ಲಿ ಇದಕ್ಕೆ ಸರಿಯಾಗಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರದ ವಿಷಯ. ಮನೆ ಸಿಕ್ಕ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಅಂತಾರೆ. ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಜೊತೆಗಿರಬೇಕು, ಬರೀ ಬಾಡಿಗೆ ಕರಾರು ತೋರಿಸಿದರೆ ಒಪ್ಪಲ್ಲ. ಬ್ಯಾಂಕಿನವರು ಕೇಳಿದ್ದೂ ಈ ನೋಂದಣಿ ಚೀಟಿಯನ್ನೇ. ವೀಸಾಗೆ ಅಂತ, ಒಂದು ವರ್ಷದ ಖರ್ಚಿಗೆಂದು ನಾವು ಮೊದಲೇ ತುಂಬಿದ್ದು 11,904 ಯೂರೋ. ಅದು ನಮ್ಮದೇ ದುಡ್ಡು, ಆದರೆ ಕೈಗೆ ಬರುವುದು ತಿಂಗಳಿಗೆ 992 ಯೂರೋ ಮಾತ್ರ. ಅದೂ ಇಲ್ಲಿ ಖಾತೆ ತೆರೆದ ಮೇಲೆ. ಅಪ್ಪ ಹೊಲದ ಮೇಲೆ ಸಾಲ ತೆಗೆದು ಹೊಂದಿಸಿದ ದುಡ್ಡು ಅದು. ಖಾತೆ ತೆರೆಯೋಕೆ ನನಗೆ ಮೂರು ವಾರ ಬೇಕಾಯಿತು. ಮುಂದೆ ಬರುವವರು ಮೊದಲ ತಿಂಗಳಿಗೆ ಆಗುವಷ್ಟು ದುಡ್ಡು ಬೇರೆಯಾಗಿಯೇ ಇಟ್ಟುಕೊಂಡು ಬನ್ನಿ.

ಮನೆಯಿಂದ ಏನು ತರಬೇಕು ಅಂತಲೂ ಕೇಳ್ತಾರೆ. ಹಾಲಿನಿಂದ ಮಾಡಿದ್ದು ಯಾವುದನ್ನೂ ತರುವ ಹಾಗಿಲ್ಲ. ತುಪ್ಪ, ಪೇಡೆ ಊರಲ್ಲೇ ಉಳಿದವು. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಲಿಂಬೆಕಾಯಿ ಉಪ್ಪಿನಕಾಯಿ ಬಂದವು. ಇಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಅನ್ನುವುದು ಗೊತ್ತಿಲ್ಲದೆ, ಮೊದಲ ಭಾನುವಾರ ಮೂರು ಹೊತ್ತೂ ಅದನ್ನೇ ತಿಂದೆ.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ತಾಸು ಹಿಂದೆ ಇಡ್ತಾರೆ. ಅಲ್ಲಿಯ ತನಕ ನಮಗೂ ಊರಿಗೂ ಮೂರೂವರೆ ತಾಸಿನ ಅಂತರ, ಆಮೇಲೆ ನಾಲ್ಕೂವರೆ. ನಾನು ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಅವತ್ತು ಅವ್ವ ಒಂದು ತಾಸು ಫೋನ್ ಮುಂದೆ ಕೂತಿದ್ದಳಂತೆ. ಡಿಸೆಂಬರ್ ಬಂದಾಗ ಸಂಜೆ ನಾಲ್ಕಕ್ಕೇ ಕತ್ತಲು. ಕ್ಲಾಸ್ ಮುಗಿಸಿ ಹೊರಗೆ ಬಂದರೆ ಬೀದಿ ದೀಪ ಹತ್ತಿರುತ್ತಿದ್ದವು. ನಮ್ಮ ಕಡೆ ಬಿಸಿಲು ಅಂದ್ರೆ ಬೈಯೋದೇ ಜಾಸ್ತಿ, ಅಲ್ವಾ? ಆ ತಿಂಗಳು ನನಗೆ ಬೇಕಾಗಿದ್ದು ಬಿಸಿಲೇ. ಯಾರ ಜೊತೆಯೂ ಮಾತು ಬೇಡ ಅನ್ನಿಸುತ್ತಿತ್ತು. ಡಬ್ಬಿಯಲ್ಲಿ ರೊಟ್ಟಿಯೂ ಮುಗಿದಿತ್ತು.

ಇಂಡಿಯನ್ ಅಂಗಡಿಯೊಂದರಲ್ಲಿ ಜೋಳದ ಹಿಟ್ಟು ಸಿಕ್ಕಿತು. ಒಂದು ಭಾನುವಾರ ಹಾಸ್ಟೆಲಿನ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. "ಎಸರು ಕುದ್ದಾವೇನು? ಕುದೀಲಿ ಬಿಡು, ಅವಸರ ಮಾಡಬ್ಯಾಡ," ಅಂದಳು. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇರಲ್ಲ. ಕುದಿಯುವ ನೀರು ಬಿದ್ದರೇನೇ ಅದು ಹಿಡಿದುಕೊಳ್ಳೋದು. ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಹೊಯ್ದು, ಚಮಚೆಯಿಂದ ಕಲಸಿ, ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ನಾದಿದೆ. ಮೊದಲ ಎರಡು ರೊಟ್ಟಿ ಬಡಿಯುವಾಗಲೇ ಅಂಚು ಒಡೆದವು. "ಇನ್ನೂ ನಾದು. ಅಂಗೈಲೆ ತಿಕ್ಕಿ ನಾದು." ಮೂರನೆಯದು ಅಂಗೈ ಕೆಳಗೆ ತಾನೇ ತಿರುಗಲು ಶುರುವಾಯಿತು. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದೆ. ಇಲ್ಲಿ ಬೆಂಕಿಯ ಒಲೆ ಇಲ್ಲ, ಕರೆಂಟಿನ ಪ್ಲೇಟು. ಉರಿಗೆ ಹಿಡಿದು ಉಬ್ಬಿಸೋಕೆ ಆಗಲ್ಲ. ಬಟ್ಟೆಯಿಂದ ಅಂಚು ಒತ್ತುತ್ತಾ ಹೋದೆ. ಒಂದು ಮೂಲೆಯಲ್ಲಿ ಉಬ್ಬಿತು.

ಆಗ ಬಾಗಿಲಲ್ಲಿ ಯಾರೋ ನಿಂತಿದ್ದರು. ಇಲ್ಲಿ ಭಾನುವಾರ ದಿನವಿಡೀ ಸದ್ದು ಮಾಡಬಾರದು. ರೊಟ್ಟಿ ಬಡಿದ ಸಪ್ಪಳಕ್ಕೆ ದೂರು ಹೇಳೋಕೆ ಬಂದರು ಅಂದುಕೊಂಡು ಮೊದಲೇ ಸಾರಿ ಅಂದೆ. ಮೇಲಿನ ಮಹಡಿಯಲ್ಲಿರುವ ಸೂಡಾನಿನ ಹುಡುಗ. ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ. ಹಿಟ್ಟಿನ ಚೀಲ ಎತ್ತಿ, ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿ ಮೂಸಿ, "ದುರಾ?" ಅಂದ. ಅವರ ಭಾಷೆಯಲ್ಲಿ ಜೋಳಕ್ಕೆ ಹಾಗಂತಾರೆ. ಅವರು ಅದರ ಹಿಟ್ಟನ್ನು ಹುಳಿ ಬರಿಸಿ, ಬಿಸಿ ಹಂಚಿನ ಮೇಲೆ ತೆಳ್ಳಗೆ ಎಳೆದು ಕಿಸ್ರಾ ಮಾಡ್ತಾರೆ. ಆ ರಾತ್ರಿ ಕೂತು ಓದಿದಾಗ ಗೊತ್ತಾಯಿತು, ಮನುಷ್ಯ ಜೋಳವನ್ನು ಬೆಳೆಯಾಗಿ ಪಳಗಿಸಿದ ಅತಿ ಹಳೆಯ ಗುರುತು ಸಿಕ್ಕಿರುವುದು ಪೂರ್ವ ಸೂಡಾನಿನಲ್ಲೇ, ಸುಮಾರು 5,000 ವರ್ಷದ ಹಿಂದಿನದು. ಅಪ್ಪ ಹಿಂಗಾರಿಗೆ ಬಿತ್ತುವ ಬಿಳಿಜೋಳದ ಬೇರು ಇವನ ನಾಡಿನಲ್ಲಿತ್ತು. ನಾನು ಅದನ್ನು ವಿಜಯಪುರದ್ದೇ ಅಂದುಕೊಂಡಿದ್ದೆ.

ಅವತ್ತು ಉಳಿದ ರೊಟ್ಟಿಯನ್ನು ಇಬ್ಬರೂ ತಿಂದೆವು. ಅವನಿಗೆ ಗುರೆಳ್ಳು ಚಟ್ನಿ ಹಿಡಿಸಿತು. ಆಮೇಲೆ ಅದು ರೂಢಿಯಾಯಿತು. ಒಂದು ಭಾನುವಾರ ರೊಟ್ಟಿ, ಇನ್ನೊಂದು ಭಾನುವಾರ ಕಿಸ್ರಾ. ಬಡಿಯುವ ಸಪ್ಪಳ ಕೆಳಗೆ ಹೋಗದ ಹಾಗೆ ಹಲಗೆ ಕೆಳಗೆ ದಪ್ಪ ಟವೆಲ್ ಹಾಸುತ್ತೇನೆ. ಕ್ಲಾಸಿನಲ್ಲಿ ಲೆಕ್ಕ ತಿಳಿಯದಿದ್ದರೆ ಈಗ ಅವನ ಬಾಗಿಲು ತಟ್ಟುತ್ತೇನೆ. ಯೂನಿವರ್ಸಿಟಿಯ ಕ್ಯಾಂಟೀನು ಮೆನ್ಸಾದಲ್ಲಿ ಊಟಕ್ಕೆ ಒಬ್ಬನೇ ಕೂರುವುದೂ ತಪ್ಪಿದೆ.

2023ರ ಏಪ್ರಿಲ್‌ನಲ್ಲಿ ಅವನ ದೇಶದಲ್ಲಿ ಯುದ್ಧ ಶುರುವಾಯಿತು. ಅವನ ತಾಯಿ ಈಗ ಕೈರೋದಲ್ಲಿದ್ದಾರೆ. ಖಾರ್ಟೂಮಿನ ಮನೆ ಹೇಗಿದೆಯೋ ಅವನಿಗೆ ಗೊತ್ತಿಲ್ಲ. ಅವ್ವನಿಗೆ ಇದನ್ನು ಹೇಳಿದಾಗ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವಗ ಖಾರ ನಡೀತೈತೇನು?" ಅಂತ ಕೇಳಿದಳು.

ಮುಂದಿನ ತಿಂಗಳು ಸೋಲಾಪುರದ ಹುಡುಗಿಯೊಬ್ಬಳು ಇಲ್ಲಿಗೆ ಓದಲು ಬರುತ್ತಿದ್ದಾಳೆ. ಅವಳ ಕೈಯಲ್ಲಿ ಕಳಿಸೋಕೆ ಅವ್ವ ಕಟಕ ರೊಟ್ಟಿಯ ಎರಡು ಗಂಟು ಕಟ್ಟಿಟ್ಟಿದ್ದಾಳೆ. ಒಂದರ ಜೊತೆಗಿರುವ ಚಟ್ನಿಗೆ ಖಾರ ಕಡಿಮೆ ಹಾಕಿದ್ದಾಳಂತೆ.