ವಿಗ್ ಕಳಚಿದ ಮೇಲೆ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ಪಾಪ್ ವಿಡಿಯೋಗಳಲ್ಲಿ ಗಂಡು ಹೆಣ್ಣಾಗಿಯೂ ಹೆಣ್ಣು ಗಂಡಾಗಿಯೂ ಕಾಣಿಸಿಕೊಂಡದ್ದನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಉಡುಪು, ಬಣ್ಣ, ಕೇಶವಿನ್ಯಾಸಗಳ ಸುತ್ತಲೇ ಸುಳಿದಾಡುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ವೇಷ ಕಳಚುವ ಗಳಿಗೆ. ಕಳಚಿದ ಮೇಲೆ ತೆರೆಯ ಮೇಲೆ ಯಾರು ಉಳಿಯುತ್ತಾರೆ ಎಂಬುದರಲ್ಲಿ ಆ ವಿಡಿಯೋದ ಧೈರ್ಯವೂ ಅಳುಕೂ ಬಯಲಾಗುತ್ತವೆ.

1979ರಲ್ಲಿ ಡೇವಿಡ್ ಮ್ಯಾಲೆಟ್ ನಿರ್ದೇಶಿಸಿದ ‘ಬಾಯ್ಸ್ ಕೀಪ್ ಸ್ವಿಂಗಿಂಗ್’ ವಿಡಿಯೋದಲ್ಲಿ ಡೇವಿಡ್ ಬೋವಿ ಗಂಡಾಗಿ ಹುಟ್ಟಿದವರ ಸುಖಗಳನ್ನು ವ್ಯಂಗ್ಯದಿಂದ ಹಾಡುತ್ತಾರೆ. ಹಿಂದೆ ದನಿಗೂಡಿಸುವ ಮೂವರು ಹೆಂಗಸರೂ ಅವರೇ. ಕೊನೆಯಲ್ಲಿ ಆ ಹೆಂಗಸರ ಪೈಕಿ ಇಬ್ಬರು ಒಬ್ಬೊಬ್ಬರಾಗಿ ಮುಂದೆ ನಡೆದು ಬಂದು, ವಿಗ್ ಕಿತ್ತು, ತುಟಿಯ ಬಣ್ಣವನ್ನು ಮುಂಗೈಯಿಂದ ಕೆನ್ನೆಯುದ್ದಕ್ಕೂ ಎಳೆದುಬಿಡುತ್ತಾರೆ. ವಯಸ್ಸಾದ ಮೂರನೆಯವಳು ಮಾತ್ರ ಏನನ್ನೂ ಕಳಚದೆ ನಮ್ಮತ್ತ ಒಂದು ಮುತ್ತು ತೂರುತ್ತಾಳೆ. ಇಡೀ ವಿಡಿಯೋದಲ್ಲಿ ನನಗೆ ಮೆಚ್ಚುಗೆಯಾದವಳು ಅವಳೇ.

ವಿಗ್ ಕಿತ್ತು ಬಣ್ಣ ಎಳೆಯುವ ಆ ಅಭಿನಯ ಬೋವಿಯವರ ಸ್ವಂತದ್ದಲ್ಲ, ಬರ್ಲಿನ್‌ನಲ್ಲಿ 1974ರಿಂದ ತಮ್ಮದೇ ನೈಟ್‌ಕ್ಲಬ್ ನಡೆಸುತ್ತಿದ್ದ ಟ್ರಾನ್ಸ್ ಮಹಿಳೆ ರೋಮಿ ಹಾಗ್ ಅವರಿಂದ ಪಡೆದದ್ದು ಎನ್ನಲಾಗುತ್ತದೆ. ಹಾಗ್ ವಿಗ್ ಕಿತ್ತಾಗಲೂ ವೇದಿಕೆಯ ಮೇಲಿರುತ್ತಿದ್ದದ್ದು ಹೆಣ್ಣೇ. ಬೋವಿ ಕಿತ್ತಾಗಲಾದರೋ ಕೆಳಗಿನಿಂದ ಪರಿಚಿತ ಗಂಡಸು ಮರಳಿ ಬರುತ್ತಾನೆ, ನೋಡುಗರು ನಿರಾಳರಾಗುತ್ತಾರೆ. (ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿ ವೇಷ ಕಳಚುವುದು ಬಣ್ಣದ ಮನೆಯಾದ ಚೌಕಿಯಲ್ಲಿಯೇ ಹೊರತು ರಂಗಸ್ಥಳದಲ್ಲಲ್ಲ, ನಮ್ಮ ಪ್ರೇಕ್ಷಕರಿಗೆ ಅಂಥ ಸಮಾಧಾನ ಬೇಕಾಗಿಯೇ ಇರಲಿಲ್ಲ.)

ಮ್ಯಾಲೆಟ್ ಅವರೇ 1984ರಲ್ಲಿ ಕ್ವೀನ್ ರಾಕ್ ತಂಡಕ್ಕಾಗಿ ‘ಐ ವಾಂಟ್ ಟು ಬ್ರೇಕ್ ಫ್ರೀ’ ಮಾಡಿದರು. ಅದರಲ್ಲಿ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಮೀಸೆ ಉಳಿಸಿಕೊಂಡೇ ಲಂಗ ತೊಟ್ಟು ಮನೆ ಗುಡಿಸುವುದರಿಂದ ಕಳಚಬೇಕಾದ ಗುಟ್ಟೇ ಇಲ್ಲ. ‘ಕೊರೊನೇಷನ್ ಸ್ಟ್ರೀಟ್’ ಧಾರಾವಾಹಿಯ ಅಣಕವನ್ನು ಗುರುತಿಸಿದ ಬ್ರಿಟನ್ ನಕ್ಕಿತು, ಗುರುತಿಸದ ಅಮೆರಿಕ ಮುಖ ಸಿಂಡರಿಸಿತು.

ನಿಜವಾದ ಕಸಿವಿಸಿ ಹುಟ್ಟಿಸಿದವರು ಯುರಿದ್ಮಿಕ್ಸ್ ಎಂಬ ಪಾಪ್ ಜೋಡಿಯ ಗಾಯಕಿ ಆ್ಯನಿ ಲೆನಾಕ್ಸ್. 1982ರ ‘ಲವ್ ಈಸ್ ಎ ಸ್ಟ್ರೇಂಜರ್’ ವಿಡಿಯೋದಲ್ಲಿ ಅವರು ಕಾರಿನಲ್ಲಿ ಕುಳಿತು ಹೊಂಬಣ್ಣದ ಗುಂಗುರು ವಿಗ್ ತೆಗೆದಾಗ, ತೀರಾ ಗಿಡ್ಡವಾಗಿ ಕತ್ತರಿಸಿದ ಕಿತ್ತಳೆ ಬಣ್ಣದ ಕೂದಲು ಕಾಣುತ್ತದೆ. ಮುಂದೆ ಅವರು ಸೂಟು ತೊಟ್ಟೂ ಬರುತ್ತಾರೆ. ಹೆಣ್ಣು ಹೆಣ್ಣಿನ ವೇಷವನ್ನೇ ಕಳಚಿದರೆ ಉಳಿಯುವವರು ಯಾರು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಅಮೆರಿಕದ ಸಂಗೀತ ಚಾನೆಲ್ ಎಂಟಿವಿ ಆಕೆಯನ್ನು ಹೆಣ್ಣುಡುಗೆ ತೊಟ್ಟ ಗಂಡಸೆಂದು ಶಂಕಿಸಿ, ಹೆಣ್ಣೆಂಬುದಕ್ಕೆ ದಾಖಲೆ ಕೇಳಿತ್ತೆಂಬ ಪ್ರಸಂಗ ಆ ಕಾಲದ ಪಾಪ್ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ. ದಾಖಲೆಯಿಂದ ಚಾನೆಲ್ಲಿಗೆ ಸಮಾಧಾನವಾಗಿರಬಹುದು. ಆದರೆ ವಿಡಿಯೋ ಎತ್ತಿದ ಪ್ರಶ್ನೆ ಹುಟ್ಟಿನ ಕಾಗದಕ್ಕೆ ಸಂಬಂಧಪಟ್ಟದ್ದಾಗಿರಲಿಲ್ಲ.

1983ರ ‘ಹೂಸ್ ದಟ್ ಗರ್ಲ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕ್ಲಬ್ಬಿನ ಗಾಯಕಿಯೂ ಆಕೆಯನ್ನು ನೋಡುತ್ತ ಕುಳಿತ ಗಂಡಸೂ ಲೆನಾಕ್ಸ್ ಅವರೇ ಆಗಿದ್ದು, ಕೊನೆಗೆ ಇಬ್ಬರೂ ಪರಸ್ಪರ ಚುಂಬಿಸುತ್ತಾರೆ. ಕ್ಯಾಮೆರಾ ಚಮತ್ಕಾರವೇ ಎಲ್ಲರ ಮಾತಾಯಿತು. ನನ್ನ ಕಣ್ಣು ನೆಟ್ಟದ್ದು ಬೇರೊಂದರ ಮೇಲೆ. ಜೋಡಿಯ ಇನ್ನೊಬ್ಬರಾದ ಡೇವ್ ಸ್ಟುವರ್ಟ್ ಜೊತೆ ಸರದಿಯಂತೆ ಬಂದುಹೋಗುವ ಹೆಣ್ಣುಗಳ ನಡುವೆ, ಹೆಣ್ಣಿನ ಚೆಲುವಿಗೆ ಹೆಸರಾಗಿದ್ದ ಲಂಡನ್ನಿನ ಗಾಯಕ ಮೆರಿಲಿನ್ ಕೂಡ ಇದ್ದಾರೆ. ಅವರು ಉಳಿದವರಿಗಿಂತ ಬೇರೆಯೆಂದು ವಿಡಿಯೋ ಬೆರಳು ಮಾಡಿ ತೋರಿಸುವುದಿಲ್ಲ.