ಚಿಕ್ಕಮ್ಮನ ಫೋನಿನಿಂದ ಕಂಪನಿಯ ಸರಕನ್ನು ತೆಗೆದುಹಾಕಿದ ಐದು ವಾರಗಳ ದಾಖಲೆ

ಜೂನ್ 1

ಮುಂಬಯಿಯ ಮಾಟುಂಗದಲ್ಲಿರುವ ಚಿಕ್ಕಮ್ಮನಿಗೆ ಅವರ ಮಗ ಅಮೆರಿಕದಿಂದ ತನ್ನ ಹಳೆಯ ಫೋನನ್ನು ಕಳಿಸಿಕೊಟ್ಟಿದ್ದಾನೆ. 2022ರ ಮಾದರಿಯ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್22. ಅಲ್ಲಿನ ಒಂದು ದೊಡ್ಡ ದೂರವಾಣಿ ಕಂಪನಿಯಿಂದ 36 ತಿಂಗಳ ಕಂತಿನ ಕರಾರಿನ ಮೇಲೆ ಅವನು ಪಡೆದದ್ದು. ಕೊನೆಯ ಕಂತು ತೀರಿದ ಮೇಲೆ ಕಂಪನಿ ಸಿಮ್ ಬೀಗವನ್ನು ತೆಗೆದುಕೊಟ್ಟಿದೆ. ಪರದೆಯಾಗಲಿ ಕ್ಯಾಮೆರಾ ಆಗಲಿ ಒಂದಿಷ್ಟೂ ಕೆಟ್ಟಿಲ್ಲ. ಆದರೆ ಆನ್ ಮಾಡಿದೊಡನೆ ಆ ಕಂಪನಿಯ ಲಾಂಛನ ಪರದೆ ತುಂಬ ಮೂಡುತ್ತದೆ. ಹೊಸದಾಗಿ ಸಜ್ಜುಗೊಳಿಸಿದ ದಿನವೇ ಯಾರೂ ಕೇಳದ ನಾಲ್ಕು ಆಟಗಳೂ ಒಂದು ಖರೀದಿ ಆಪ್ ಕೂಡ ಮನೆಪರದೆಗೆ ಬಂದು ಕುಳಿತವು. ಚಿಕ್ಕಮ್ಮ ಅವನ್ನು ಅಳಿಸಿದರು. ಮೂರನೆಯ ದಿನ ಅವುಗಳಲ್ಲಿ ಎರಡು ಮತ್ತೆ ಪ್ರತ್ಯಕ್ಷವಾದಾಗ ನನಗೆ ಫೋನ್ ಮಾಡಿ, "ನಾನು ಆಟ ಆಡುವವಳಲ್ಲ ಮಾರಾಯ, ಇದನ್ನು ತಂದಿಟ್ಟವರು ಯಾರು?" ಎಂದು ಕೇಳಿದರು.

ಅವರ ಪ್ರಶ್ನೆ ಸರಿಯಾಗಿಯೇ ಇದೆ. ಆಟಗಳನ್ನು ಅಳಿಸುವುದು ಸುಲಭ. ಅವನ್ನು ತಂದಿಡುವವನನ್ನು ಹುಡುಕಬೇಕು. ಫೋನನ್ನು ಡೊಂಬಿವಲಿಗೆ ತಂದುಕೊಂಡಿದ್ದೇನೆ. ಭಾನುವಾರಗಳಲ್ಲಿ ಮಾತ್ರ ಈ ಕೆಲಸ ಮಾಡಿ, ಪ್ರತಿ ಹೆಜ್ಜೆಯನ್ನೂ ಇಲ್ಲಿ ಬರೆದಿಡುತ್ತೇನೆ.

ಜೂನ್ 8

ಮೊದಲ ಒಂದು ಗಂಟೆ ದಂಡವಾಯಿತು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದೆನಾದರೂ, ಲ್ಯಾಪ್‌ಟಾಪಿನಿಂದ ಫೋನಿಗೆ ಆದೇಶ ಕೊಡಲು ಬೇಕಾದ ಯುಎಸ್‌ಬಿ ಡೀಬಗ್ಗಿಂಗ್ ಗುಂಡಿ ಮಸುಕಾಗಿಯೇ ಉಳಿದಿತ್ತು. ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪಿನ ಡ್ರೈವರ್ ಮತ್ತೆ ಹಾಕಿದೆ, ಪ್ರಯೋಜನವಾಗಲಿಲ್ಲ. ಕಾರಣ ಸ್ಯಾಮ್‌ಸಂಗ್‌ನ ಆಟೋ ಬ್ಲಾಕರ್. ಕೇಬಲ್ ಮೂಲಕ ಬರುವ ಆದೇಶಗಳನ್ನು ಅದು ತಡೆಯುತ್ತದೆ. ಕಳ್ಳರಿಂದಲೂ ವಂಚಕರಿಂದಲೂ ಕಾಪಾಡುವ ಒಳ್ಳೆಯ ವ್ಯವಸ್ಥೆಯೇ ಅದು. ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡಬೇಕೆಂದು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆದುಕೊಂಡೆ.

ಆಮೇಲೆ ಎಡಿಬಿ, ಅಂದರೆ ಆಂಡ್ರಾಯ್ಡ್ ಡೀಬಗ್ ಬ್ರಿಡ್ಜ್ ಮೂಲಕ ಫೋನಿನಲ್ಲಿರುವ ಪ್ಯಾಕೇಜುಗಳ, ಅಂದರೆ ಕಾಣುವ ಮತ್ತು ಕಾಣದ ಎಲ್ಲ ಆಪ್‌ಗಳ, ಪೂರ್ತಿ ಪಟ್ಟಿಯನ್ನು ತೆಗೆದೆ. ನಾನೂರಕ್ಕಿಂತ ಹೆಚ್ಚು ಹೆಸರುಗಳಿದ್ದವು. ಮನೆಪರದೆಯಲ್ಲಿ ಕಾಣುವ ಆಪ್‌ಗಳು ಇದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಕಂಪನಿಯ ಹೆಸರನ್ನೇ ಹೊತ್ತವು ಹದಿನಾಲ್ಕು: ಬಿಲ್ ಕಟ್ಟುವ ಆಪ್, ಕ್ಲೌಡ್ ಸಂಗ್ರಹ, ಕರೆ ತಡೆಯುವ ಆಪ್, ದೃಶ್ಯ ವಾಯ್ಸ್‌ಮೇಲ್, ಹೀಗೆ. ಇವೆಲ್ಲ ಎದುರಿಗೇ ಕಾಣುವುದರಿಂದ ಇವುಗಳಿಂದ ನನಗೆ ಆತಂಕವಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಐಕಾನ್ ಇಲ್ಲದ, ಪರದೆಯ ಮೇಲೆ ಎಂದೂ ತಲೆ ತೋರಿಸದ ಕೆಲವು ಪ್ಯಾಕೇಜುಗಳು. ಅವುಗಳಲ್ಲೊಂದು ಬೇರೆ ಆಪ್‌ಗಳನ್ನು ಸದ್ದಿಲ್ಲದೆ ತಂದು ಹಾಕುವ ಇನ್‌ಸ್ಟಾಲರ್. ಅದನ್ನು ಮಾಡಿರುವುದು ದೂರವಾಣಿ ಕಂಪನಿಯಾಗಲಿ ಸ್ಯಾಮ್‌ಸಂಗ್ ಆಗಲಿ ಅಲ್ಲ, ಜಾಹೀರಾತು ವ್ಯವಹಾರದ ಮೂರನೆಯ ಸಂಸ್ಥೆ. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಫೇಸ್‌ಬುಕ್ ಆಪನ್ನು ಹಾಕಿಕೊಳ್ಳದಿದ್ದರೂ ಅದರ ಮೂರು ಸಹಾಯಕ ಪ್ಯಾಕೇಜುಗಳು ಮೊದಲೇ ಒಳಗಿದ್ದವು.

ಇಂಥ ಮರೆಯ ಪ್ಯಾಕೇಜುಗಳನ್ನು ಹಗುರವಾಗಿ ಕಾಣಬಾರದು. 2011ರಲ್ಲಿ ಟ್ರೆವರ್ ಎಕಾರ್ಟ್ ಎಂಬ ಸಂಶೋಧಕ ಕ್ಯಾರಿಯರ್ ಐಕ್ಯೂ ಎಂಬ ತಂತ್ರಾಂಶವನ್ನು ಬಯಲಿಗೆ ತಂದಾಗ ಅಮೆರಿಕದ ಬಳಕೆದಾರರು ಬೆಚ್ಚಿಬಿದ್ದದ್ದು ಇದೇ ಕಾರಣಕ್ಕೆ. ಜಾಲದ ಗುಣಮಟ್ಟ ಅಳೆಯಲೆಂದು ದೂರವಾಣಿ ಕಂಪನಿಗಳು ಹಾಕಿಸಿದ್ದ ಆ ತಂತ್ರಾಂಶದ ಇರವೇ ಫೋನು ಹಿಡಿದವರಿಗೆ ಗೊತ್ತಿರಲಿಲ್ಲ.

ಇವತ್ತು ಇನ್‌ಸ್ಟಾಲರ್ ಒಂದನ್ನೇ ತೆಗೆದೆ. ಬೇರೇನನ್ನೂ ಮುಟ್ಟಲಿಲ್ಲ. ಒಂದು ವಾರ ಕಾದು ನೋಡುವುದೆಂದು ನಿರ್ಧರಿಸಿದೆ.

ಜೂನ್ 15

ಏಳು ದಿನ ವೈಫೈಯಲ್ಲಿಟ್ಟರೂ ಹೊಸ ಆಟ ಬಂದಿಲ್ಲ. ಹಿಡಿದ ಕಳ್ಳ ಸರಿಯಾದವನೇ.

ಇಂದು ಮಿಕ್ಕವುಗಳಿಗೆ ಕೈ ಹಾಕಿದೆ. ಇಲ್ಲಿ ಒಂದು ವಿಷಯವನ್ನು ಬಿಡಿಸಿ ಬರೆಯಬೇಕು, ಏಕೆಂದರೆ ಇದನ್ನು ತಿಳಿಯದೆ ಮಾಡಿದವರು ಆಮೇಲೆ ನಿರಾಶರಾಗುತ್ತಾರೆ. ಎಡಿಬಿಯಲ್ಲಿ ನಾವು ಕೊಡುವ ಅನ್‌ಇನ್‌ಸ್ಟಾಲ್ ಆದೇಶದ ಜೊತೆಗೆ "ಯೂಸರ್ 0" ಎಂದು ಸೇರಿಸುತ್ತೇವೆ. ಅಂದರೆ ಫೋನಿನ ಮೊದಲ ಬಳಕೆದಾರನ ಪಾಲಿಗೆ ಮಾತ್ರ ಆ ಆಪ್ ಇಲ್ಲವಾಗುತ್ತದೆ. ಅದರ ಮೂಲ ಕಡತ ಬರೆಯಲಾಗದಂತೆ ಮುಚ್ಚಿರುವ ಸಿಸ್ಟಂ ವಿಭಾಗದಲ್ಲಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಆ ಕಡತ ಹಿಡಿದಿರುವ ಜಾಗ ನಮಗೆ ಮರಳಿ ಸಿಗುವುದಿಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಲ್ಲವೂ ಮರಳಿ ಬರುತ್ತದೆ. ಆದರೆ ಇದೇ ಮಿತಿ ನಮ್ಮನ್ನು ಕಾಯುತ್ತದೆ ಕೂಡ: ತಪ್ಪಿ ಬೇಕಾದದ್ದನ್ನು ತೆಗೆದರೆ, "ಇನ್‌ಸ್ಟಾಲ್ ಎಕ್ಸಿಸ್ಟಿಂಗ್" ಎಂಬ ಇನ್ನೊಂದು ಆದೇಶದಿಂದ ಒಳಗಿರುವ ಕಡತವನ್ನೇ ಮತ್ತೆ ಜೀವಂತಗೊಳಿಸಬಹುದು.

ಆ ಆದೇಶ ಇಂದೇ ಬೇಕಾಯಿತು. ಹದಿನಾಲ್ಕರಲ್ಲಿ ಹದಿಮೂರನ್ನು ತೆಗೆದ ಉತ್ಸಾಹದಲ್ಲಿ, ಹೆಸರಿನಲ್ಲಿ ಐಎಂಎಸ್ ಎಂದಿದ್ದ ಪ್ಯಾಕೇಜೊಂದನ್ನೂ ಕಂಪನಿಯದೇ ಎಂದು ಭಾವಿಸಿ ತೆಗೆದುಬಿಟ್ಟೆ. ಫೋನನ್ನು ಮತ್ತೆ ಆನ್ ಮಾಡಿದರೆ ಸೆಟ್ಟಿಂಗ್ಸ್‌ನ ಕನೆಕ್ಷನ್ಸ್ ಪುಟ ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿತು. 4ಜಿ ಜಾಲದ ಮೇಲೆ ಧ್ವನಿ ಕರೆಯನ್ನು ನಡೆಸುವ ಸ್ಯಾಮ್‌ಸಂಗ್‌ನ ಸ್ವಂತ ಸೇವೆ ಅದು, ಅದನ್ನು ತೆಗೆಯಬಾರದಿತ್ತು. ಎರಡು ನಿಮಿಷದಲ್ಲಿ ಮರಳಿ ಹಾಕಿದೆನಾದರೂ ಆ ಎರಡು ನಿಮಿಷ ಎದೆ ಹೊಡೆದುಕೊಳ್ಳುತ್ತಿತ್ತು, ಏಕೆಂದರೆ ಫೋನು ನನ್ನದಲ್ಲ. ಇನ್ನು ಮುಂದೆ ಒಂದು ಪ್ಯಾಕೇಜ್ ತೆಗೆದರೆ ಒಂದು ಸಲ ರೀಸ್ಟಾರ್ಟ್, ಒಂದು ಕರೆ, ಒಂದು ಸಂದೇಶ, ಆಮೇಲೆಯೇ ಮುಂದಿನದು. ಯೂನಿವರ್ಸಲ್ ಆಂಡ್ರಾಯ್ಡ್ ಡಿಬ್ಲೋಟರ್ ಎಂಬ ಮುಕ್ತ ತಂತ್ರಾಂಶ ಪ್ಯಾಕೇಜುಗಳನ್ನು ತೆಗೆಯಬಹುದಾದವು, ಎಚ್ಚರ ಬೇಕಾದವು, ತೆಗೆಯಬಾರದವು ಎಂದು ವಿಂಗಡಿಸಿ ತೋರಿಸುತ್ತದೆ. ಅದನ್ನು ಮೊದಲೇ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಜೂನ್ 22

ಸಿಮ್ ಹಾಕಿ ನೋಡುವ ವಾರ. ಚಿಕ್ಕಮ್ಮನ ಜಿಯೋ ಸಿಮ್ ಹಾಕಿದಾಗ ಇಂಟರ್ನೆಟ್ ಬಂತು, ಕರೆ ಹೋಗಲಿಲ್ಲ. ನನ್ನ ಏರ್‌ಟೆಲ್ ಸಿಮ್ ಹಾಕಿದಾಗ ಎರಡೂ ಬಂದವು. ಕಾರಣ ಸರಳ. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಜಾಲದಲ್ಲಿ 2ಜಿಯೂ ಇಲ್ಲ, 3ಜಿಯೂ ಇಲ್ಲ. ಕರೆ ಹೋಗಬೇಕಾದರೆ ಫೋನು ಆ ಜಾಲದ ವೋಲ್ಟಿಯನ್ನು, ಅಂದರೆ 4ಜಿ ಮೇಲೆ ಧ್ವನಿ ಕರೆ ನಡೆಸುವ ವಿಧಾನವನ್ನು, ಬಲ್ಲದ್ದಾಗಿರಬೇಕು. ಏರ್‌ಟೆಲ್‌ನಲ್ಲಿ ಫೋನು 2ಜಿಗೆ ಇಳಿದು ಕರೆ ಮಾಡಿಬಿಡುತ್ತದೆ. ಯಾವ ಜಾಲಕ್ಕೆ ವೋಲ್ಟಿ ಕೊಡಬೇಕು ಎಂಬುದನ್ನು ಸ್ಯಾಮ್‌ಸಂಗ್ ಫೋನು ತನ್ನ ಸಿಎಸ್‌ಸಿ, ಅಂದರೆ ದೇಶಕ್ಕೂ ಕಂಪನಿಗೂ ತಕ್ಕಂತೆ ಇಡುವ ಗುರುತು ಹಾಗೂ ಹೊಂದಾಣಿಕೆಗಳ ಕಟ್ಟನ್ನು ನೋಡಿ ತೀರ್ಮಾನಿಸುತ್ತದೆ. ಆನ್ ಮಾಡುವಾಗಿನ ಲಾಂಛನ, ಮೊದಲ ದಿನ ತುಂಬಿಬರುವ ಆಪ್‌ಗಳು, ವೋಲ್ಟಿಯ ಪಟ್ಟಿ, ಎಲ್ಲವೂ ಅದೇ ಕಟ್ಟಿನವು. ಲಾಂಛನ ಕೇವಲ ಅಲಂಕಾರ ಎಂದು ನಾನು ಇಷ್ಟು ದಿನ ಭಾವಿಸಿದ್ದೆ. ಅದರ ಜೊತೆಯಲ್ಲಿ ಕರೆ ಮಾಡುವ ಸಾಮರ್ಥ್ಯವೂ ಕಟ್ಟುಬಿದ್ದಿದೆ ಎಂದು ಈಗ ಅರ್ಥವಾಯಿತು.

ಇನ್ನೊಂದು ತೊಡಕೂ ಕಂಡಿತು. ಭದ್ರತಾ ತಿದ್ದುಪಡಿ ಮಾರ್ಚ್ ತಿಂಗಳಿನಲ್ಲೇ ನಿಂತಿದೆ. ಅಪ್‌ಡೇಟ್ ಕೇಳಿದರೆ "ನಿಮ್ಮ ಸಾಫ್ಟ್‌ವೇರ್ ಹೊಸದೇ ಇದೆ" ಎಂಬ ಉತ್ತರ ಬರುತ್ತದೆ. ತಿದ್ದುಪಡಿಗಳನ್ನು ಹಂಚುವ ಅಧಿಕಾರ ಆ ಕಂಪನಿಯ ಕೈಯಲ್ಲಿದ್ದು, ಅದರ ಸಿಮ್ ಇಲ್ಲದ ಫೋನು ಅದರ ಲೆಕ್ಕಕ್ಕೇ ಬರುತ್ತಿಲ್ಲ. ಆಟಗಳಿಗಿಂತ ನನಗೆ ಇದೇ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. 36 ಕಂತುಗಳನ್ನೂ ಕಟ್ಟಿ ಮುಗಿಸಿದ ಮೇಲೆಯೂ, ಬ್ಯಾಂಕಿನ ವ್ಯವಹಾರ ನಡೆಸುವ ವಸ್ತುವಿನ ಸುರಕ್ಷತೆ ಹಳೆಯ ಕರಾರಿಗೆ ಅಂಟಿಕೊಂಡೇ ಇದೆ.

ಶುಕ್ರವಾರ ಕಚೇರಿಯಿಂದ ಹಿಂದಿರುಗುವಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಚಾರಿಸಿದ್ದೆ. ಒಂದು ಅಂಗಡಿಯವರು 1500 ರೂಪಾಯಿಗೆ "ಅನ್‌ಲಾಕ್" ಮಾಡಿಕೊಡುತ್ತೇನೆಂದರು. ಅಲ್ಲಿ ಆ ಪದಕ್ಕೆ ಮೂರು ಅರ್ಥಗಳಿವೆ, ಮೂರೂ ಬೇರೆ ಬೇರೆ ಬೀಗಗಳು. ಸಿಮ್ ಬೀಗ ಬೇರೆ ಕಂಪನಿಯ ಸಿಮ್ಮನ್ನು ತಡೆಯುತ್ತದೆ. ನಮ್ಮ ಫೋನಿನಲ್ಲಿ ಅದು ಹೋಗಿದೆ. ಫೋನನ್ನು ಎಬ್ಬಿಸುವ ಮೊದಲ ತಂತ್ರಾಂಶವಾದ ಬೂಟ್‌ಲೋಡರಿನ ಬೀಗ ಸ್ಯಾಮ್‌ಸಂಗ್ ಸಹಿ ಹಾಕದ ತಂತ್ರಾಂಶವನ್ನು ತಡೆಯುತ್ತದೆ. ಅಮೆರಿಕದಲ್ಲಿ ಮಾರಿದ ಮಾದರಿಯಲ್ಲಿ ಅದನ್ನು ತೆರೆಯುವ ಆಯ್ಕೆಯೇ ಇಲ್ಲ. ಮೂರನೆಯದು ಈ ಸಿಎಸ್‌ಸಿಯ ಹಿಡಿತ. ಮೊದಲನೆಯದನ್ನು ತೆಗೆದರೆ ಮೂರನೆಯದೂ ಹೋಗುತ್ತದೆಂದು ನಂಬಿ ಹಣ ಕೊಡುವವರು ಅಲ್ಲಿ ಬಹಳ ಮಂದಿ.

ನಮ್ಮಲ್ಲಿ ಈ ಗೊಂದಲ ಸಹಜ, ಏಕೆಂದರೆ ನಾವು ಫೋನನ್ನು ಒಂದು ಕಡೆ, ಸಿಮ್ಮನ್ನು ಇನ್ನೊಂದು ಕಡೆ ಕೊಂಡು ಬೆಳೆದವರು. ಕಂಪನಿಯೇ ಫೋನು ಕೊಟ್ಟ ದೊಡ್ಡ ಪ್ರಸಂಗ 2003ರ ಮಳೆಗಾಲದ್ದು. 501 ರೂಪಾಯಿ ಮುಂಗಡಕ್ಕೆ ರಿಲಯನ್ಸ್ ಇನ್ಫೋಕಾಮ್ ಹಂಚಿದ, ಸಿಡಿಎಂಎ ಎಂಬ ಬೇರೆ ತಂತ್ರಜ್ಞಾನದ ಫೋನುಗಳು ಆ ಜಾಲದಲ್ಲಿ ಮಾತ್ರ ನಡೆಯುತ್ತಿದ್ದವು. ಅಮೆರಿಕದಲ್ಲಿ ಮಾತ್ರ ಫೋನಿನ ಬೆಲೆಯನ್ನು ಕಂಪನಿ ಹೊತ್ತು ತಿಂಗಳು ತಿಂಗಳು ವಸೂಲು ಮಾಡುವುದೇ ರೂಢಿಯಾದ್ದರಿಂದ, ಫೋನಿನ ಮೈಮೇಲೆ ಹಕ್ಕು ಸಾಧಿಸುವುದೂ ರೂಢಿಯಾಯಿತು. 2012ರಲ್ಲಿ ಅಲ್ಲಿನ ದೂರವಾಣಿ ಕಂಪನಿ ವೆರೈಝನ್ ತಾನು ಮಾರಿದ ಗ್ಯಾಲಕ್ಸಿ ನೋಟ್ 2ರ ಹೋಮ್ ಗುಂಡಿಯ ಮೇಲೆಯೇ ತನ್ನ ಹೆಸರನ್ನು ಅಚ್ಚು ಹಾಕಿಸಿತ್ತು. ಅದಕ್ಕೆ ಐದು ವರ್ಷ ಮೊದಲು, 2007ರ ಮೊದಲ ಐಫೋನನ್ನು ಅಮೆರಿಕದಲ್ಲಿ ಎಟಿ ಅಂಡ್ ಟಿ ಒಂದೇ ಮಾರಿದರೂ ಅದರ ಲಾಂಛನಕ್ಕೆ ಫೋನಿನ ಮೈಮೇಲೆ ಆ್ಯಪಲ್ ಜಾಗ ಕೊಟ್ಟಿರಲಿಲ್ಲ. ತಯಾರಕರು ಗಟ್ಟಿ ನಿಂತರೆ ಆಗುವ ಕೆಲಸ ಇದು.

ಜೂನ್ 29

ಪೂರ್ತಿ ಫರ್ಮ್‌ವೇರನ್ನು, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶವನ್ನೇ, ಬದಲಿಸುವುದೆಂದು ತೀರ್ಮಾನಿಸಿದೆ. ಕಂಪನಿಗಳ ಮೂಲಕ ಮಾರಿದ ಮಾದರಿಯ ಸಂಖ್ಯೆ "ಯು" ಎಂದು ಮುಗಿಯುತ್ತದೆ. ಯಾವ ಕಂಪನಿಗೂ ಸೇರದೆ ಅಂಗಡಿಯಲ್ಲಿ ಮಾರಿದ್ದು "ಯು1". ಒಳಗಿನ ಯಂತ್ರ ಒಂದೇ, ಎರಡರ ಫರ್ಮ್‌ವೇರಿಗೂ ಸ್ಯಾಮ್‌ಸಂಗ್‌ನದೇ ಸಹಿ. ಹಾಗಾಗಿ ಬೂಟ್‌ಲೋಡರ್ ತೆರೆಯದೆಯೇ ಯು1 ಫರ್ಮ್‌ವೇರನ್ನು ಹಾಕಬಹುದು, ಸಹಿಯಿಲ್ಲದ ತಂತ್ರಾಂಶ ಹಾಕಿದರೆ ಶಾಶ್ವತವಾಗಿ ಗುರುತು ಬೀಳುವ ನಾಕ್ಸ್ ಫ್ಯೂಸ್ ಕೂಡ ಸುಡುವುದಿಲ್ಲ. ಒಂದು ಷರತ್ತಿದೆ. ಫರ್ಮ್‌ವೇರ್ ಹೆಸರಿನ ಕೊನೆಯಿಂದ ಐದನೆಯ ಅಕ್ಷರ ಬೂಟ್‌ಲೋಡರಿನ ಮಟ್ಟವನ್ನು ಹೇಳುತ್ತದೆ. ಫೋನಿನಲ್ಲಿರುವುದಕ್ಕಿಂತ ಕೆಳಗಿನದನ್ನು ಅದು ಒಪ್ಪುವುದಿಲ್ಲ. ಸ್ಟಾರ್ ಹ್ಯಾಶ್ 1234 ಹ್ಯಾಶ್ ಒತ್ತಿ ಫೋನಿನ ಮಟ್ಟವನ್ನು ಬರೆದುಕೊಂಡು, ಅದಕ್ಕೆ ಸರಿಹೊಂದುವ ಕಡತಗಳನ್ನೇ ಇಳಿಸಿದೆ.

ಓಡಿನ್ ಎಂಬುದು ಫರ್ಮ್‌ವೇರ್ ಹಾಕುವ ಸ್ಯಾಮ್‌ಸಂಗ್ ಸೇವಾಕೇಂದ್ರಗಳ ಸಾಧನ, ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಅದರಲ್ಲಿ ನಾಲ್ಕು ಕಡತಗಳನ್ನು ಕೊಡಬೇಕು: ಬೂಟ್‌ಲೋಡರ್, ಸಿಸ್ಟಂ, ಮೋಡೆಮ್, ಸಿಎಸ್‌ಸಿ. ಕೊನೆಯದರಲ್ಲಿ ಎರಡು ಬಗೆಯಿದ್ದು, "ಹೋಮ್ ಸಿಎಸ್‌ಸಿ" ನಮ್ಮ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ, ಬರಿಯ "ಸಿಎಸ್‌ಸಿ" ಎಲ್ಲವನ್ನೂ ಒರೆಸುತ್ತದೆ. ಗುರುತನ್ನೇ ಬದಲಿಸಬೇಕಾದ್ದರಿಂದ ಒರೆಸುವುದನ್ನೇ ಆರಿಸಿದೆ. ಚಿಕ್ಕಮ್ಮನ ಚಿತ್ರಗಳನ್ನೂ ಅವರ ಭಜನೆಯ ಧ್ವನಿಮುದ್ರಣಗಳನ್ನೂ ಎರಡು ಕಡೆ ನಕಲು ಮಾಡಿಕೊಂಡ ಮೇಲೆಯೇ ಗುಂಡಿ ಒತ್ತಿದೆ. ಮೊದಲ ಯತ್ನ ಮಾದರಿ ಹೊಂದುವುದಿಲ್ಲವೆಂದು ಅರ್ಧದಲ್ಲೇ ನಿಂತಿತು. ಯು ಮತ್ತು ಯು1 ನಡುವೆ ದಾಟಲು ಓಡಿನ್‌ನ ತಿದ್ದಿದ ಆವೃತ್ತಿಯೇ ಬೇಕಾಯಿತು. ಎರಡನೆಯದು ಸುಮಾರು ಎಂಟು ನಿಮಿಷದಲ್ಲಿ ಮುಗಿಯಿತು.

ಫೋನು ಎದ್ದಿತು. ಸ್ಯಾಮ್‌ಸಂಗ್ ಎಂಬ ಹೆಸರು ಬಿಟ್ಟರೆ ಪರದೆಯ ಮೇಲೆ ಬೇರಾವ ಲಾಂಛನವೂ ಇಲ್ಲ. ಪ್ಯಾಕೇಜುಗಳ ಪಟ್ಟಿ ಮತ್ತೆ ತೆಗೆದೆ: ಕಂಪನಿಯ ಹೆಸರಿನವು ಒಂದೂ ಉಳಿದಿಲ್ಲ, ಆ ಇನ್‌ಸ್ಟಾಲರ್ ಇಲ್ಲ. ಫೇಸ್‌ಬುಕ್‌ನ ಮೂರು ಸಹಾಯಕರು ಮಾತ್ರ ಹಾಗೇ ಇದ್ದವು, ಅವು ಸ್ಯಾಮ್‌ಸಂಗ್‌ನ ಒಪ್ಪಂದದವು, ಎಡಿಬಿಯಿಂದ ತೆಗೆದೆ. ಸಂಜೆಗೆ ಬಾಕಿಯಿದ್ದ ಭದ್ರತಾ ತಿದ್ದುಪಡಿ ತಾನಾಗಿ ಇಳಿಯಿತು. ಅದನ್ನು ಕಂಡಾಗ ಆದ ಸಂತೋಷ ಲಾಂಛನ ಹೋದದ್ದಕ್ಕೂ ಆಗಿರಲಿಲ್ಲ.

ಜಿಯೋ ಕರೆ ಈಗಲೂ ಹೋಗುತ್ತಿಲ್ಲ. ಹೊಸ ಸಿಎಸ್‌ಸಿಯೂ ಅಮೆರಿಕದ್ದೇ ತಾನೆ. ಚಿಕ್ಕಮ್ಮನ ಸಂಖ್ಯೆಯನ್ನು ಏರ್‌ಟೆಲ್‌ಗೆ ಪೋರ್ಟ್ ಮಾಡಿಸಲು ಅರ್ಜಿ ಹಾಕಿದ್ದೇವೆ.

ಜುಲೈ 6

ಬೆಳಿಗ್ಗೆ ಮಾಟುಂಗಕ್ಕೆ ಹೋಗಿ ಫೋನು ಕೊಟ್ಟು ಬಂದೆ. ಅಲ್ಲಿನ ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರದ ಹುಡುಗನೊಬ್ಬ ಚಿಕ್ಕಮ್ಮನಿಂದ ಸುದ್ದಿ ಕೇಳಿ, "ಅಣ್ಣ, ನನ್ನದನ್ನೂ ಒಮ್ಮೆ ನೋಡಿ" ಎಂದು ತನ್ನ ಫೋನು ತಂದ. ಹಣಕಾಸು ಕಂಪನಿಯಿಂದ ಕಂತಿನಲ್ಲಿ ಕೊಂಡದ್ದು. ಕಂತು ತಪ್ಪಿದರೆ ಫೋನನ್ನೇ ಮುಚ್ಚುವ ಆಪ್ ಒಳಗಿದೆ. ನಮ್ಮೂರಿನ ಕರಾರು ಫೋನು ಎಂದರೆ ಈಗ ಇದೇ.

ಇದು ಬೇರೆಯೇ ಜಾತಿಯದು. ಆ ಆಪ್ ಆಂಡ್ರಾಯ್ಡ್‌ನಲ್ಲಿ "ಡಿವೈಸ್ ಓನರ್" ಎಂಬ ಪದವಿಯಲ್ಲಿ ಕುಳಿತಿರುತ್ತದೆ, ಎಡಿಬಿಯ ಅನ್‌ಇನ್‌ಸ್ಟಾಲ್ ಆದೇಶಕ್ಕೆ ಬಗ್ಗುವುದಿಲ್ಲ. ಸಾಲ ಬಾಕಿಯಿರುವಾಗ ಅದನ್ನು ತೆಗೆಯಲು ನಾನು ಒಪ್ಪುವವನೂ ಅಲ್ಲ. ಆದರೆ ಅವನ ಸಾಲ ಏಪ್ರಿಲಿನಲ್ಲೇ ತೀರಿದೆ, ಬಾಕಿ ಇಲ್ಲವೆಂಬ ಪತ್ರ ಕೈಯಲ್ಲಿದೆ, ಆಪ್ ಮಾತ್ರ ಹೋಗಿಲ್ಲ. ಅದನ್ನು ಕಂಪನಿಯವರೇ ದೂರದಿಂದ ಬಿಡಿಸಬೇಕು. ಪತ್ರದ ಪ್ರತಿ, ಫೋನಿನ ಐಎಂಇಐ ಸಂಖ್ಯೆ, ಸಾಲದ ಸಂಖ್ಯೆ ಸೇರಿಸಿ ಅವನ ಹೆಸರಿನಲ್ಲಿ ಲಿಖಿತ ದೂರು ಬರೆದುಕೊಟ್ಟೆ. ಅವನು ಮೂರು ಸಲ ಫೋನಿನಲ್ಲಿ ಹೇಳಿದ್ದಕ್ಕೆ ಅವರ ಬಳಿ ದಾಖಲೆಯೇ ಇರಲಿಲ್ಲ.

ಅದೇ ಫೋನಿನಲ್ಲಿ ತಯಾರಕರು ತುಂಬಿದ, ಅಳಿಸಲು ಬಾರದ ಆಪ್‌ಗಳೂ ಬಹಳ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿದಾಗ, ಮೊದಲೇ ತುಂಬಿದ ಗೂಗಲ್ ಆಪ್‌ಗಳನ್ನು ಬಳಕೆದಾರರು ತೆಗೆಯುವುದನ್ನು ತಡೆಯಬಾರದೆಂದೂ ಹೇಳಿತ್ತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ ಆ ಸೂಚನೆಯನ್ನು ಕೈಬಿಟ್ಟಿತು. ಆ ಸೂಚನೆ ಉಳಿದಿದ್ದರೆ ಈ ಹುಡುಗನಂಥವರಿಗೆ ಕೇಬಲ್ಲೂ ಲ್ಯಾಪ್‌ಟಾಪೂ ಇಲ್ಲದೆಯೇ ಕೆಲವಾದರೂ ಆಪ್‌ಗಳಿಂದ ಬಿಡುಗಡೆ ಸಿಗುತ್ತಿತ್ತು ಎಂದು ನನ್ನ ಬಲವಾದ ಭಾವನೆ.

ಚಿಕ್ಕಮ್ಮನ ಏರ್‌ಟೆಲ್ ಸಿಮ್ ಮಧ್ಯಾಹ್ನ ಚಾಲೂ ಆಯಿತು. ಮೊದಲ ಕರೆ ಅಮೆರಿಕದ ಮಗನಿಗೆ, ವಾಟ್ಸಾಪಿನಲ್ಲಿ. ಎರಡನೆಯದು ಕೆಳಗಿನ ಕಿರಾಣಿ ಅಂಗಡಿಗೆ, ಸಾಧಾರಣ ಕರೆ. ಎರಡೂ ಸ್ವಚ್ಛವಾಗಿ ಕೇಳಿಸಿದವು. ಹೊರಡುವ ಮೊದಲು ಆಟೋ ಬ್ಲಾಕರ್ ಮತ್ತೆ ಆನ್ ಮಾಡಿ, ನೋಟ್‌ಬುಕ್ಕಿನ ಮೊದಲ ಸಾಲನ್ನು ಹೊಡೆದುಹಾಕಿದೆ. ಇಂದಿನ ಪ್ಯಾಕೇಜ್ ಪಟ್ಟಿ ಲ್ಯಾಪ್‌ಟಾಪಿನಲ್ಲಿದೆ. ಮುಂದಿನ ತಿದ್ದುಪಡಿ ಇಳಿದ ವಾರ ಇನ್ನೊಂದು ಪಟ್ಟಿ ತೆಗೆದು, ಎರಡನ್ನೂ ಸಾಲು ಸಾಲಾಗಿ ಹೋಲಿಸಬೇಕು.